ಇಪ್ಪತ್ತು ಕಿಲೋ ಮರಳು

ಬೆಟ್ಟದ ಅರ್ಧಕ್ಕೆ ಬರುವ ಹೊತ್ತಿಗೆ ಮೇಷ್ಟ್ರ ಬಲಮಂಡಿ ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತು. ಬೆನ್ನ ಮೇಲೆ ಇಪ್ಪತ್ತು ಕಿಲೋ ಮರಳು, ಎರಡೆರಡು ಕಿಲೋದ ಹತ್ತು ಪೊಟ್ಟಣ. ಚಾರಣದ ಗೈಡುಗಳಿಗೆ ಸೀಸನ್ನಿಗೆ ಮುಂಚೆ ಪ್ರತಿವರ್ಷ ಇದೇ ಪರೀಕ್ಷೆ. ಕೆಳಗಿನ ಆಫೀಸಿನಿಂದ ಮೇಲಿನ ಕಲ್ಲುಮನೆಗೆ ಮೂರು ಗಂಟೆಯೊಳಗೆ ಹೊತ್ತು ಮುಟ್ಟಿಸಬೇಕು. ಮುಟ್ಟಿಸಿದವರಿಗೆ ಆ ವರ್ಷದ ಗೈಡು ಬಿಲ್ಲೆ, ಮುಟ್ಟಿಸದವರಿಗೆ ಮನೆ. ತನ್ನ ಚೀಲ ಹೊತ್ತು, ಗಡಿಯಾರ ನೋಡುತ್ತ ಹಿಂದೆ ಬರುತ್ತಿದ್ದ ಪರೀಕ್ಷಕಿ ಮೇಷ್ಟ್ರ ಸ್ವಂತ ಮಗಳು, ಅವಳೂ ಗೈಡು.

ಅವಳನ್ನೇ ಹಾಕಿ ಎಂದು ಕೇಳಿಕೊಂಡವರು ಮೇಷ್ಟ್ರೇ. ಮಗಳು ಅಪ್ಪನನ್ನು ಫೇಲ್ ಮಾಡುತ್ತಾಳೆಯೇ ಎಂದು ಆಫೀಸಿನ ಯಜಮಾನ ನಕ್ಕಿದ್ದ. ಯಜಮಾನನಿಗೆ ಅವಳು ಗೊತ್ತಿಲ್ಲ. ಹೋದ ವರ್ಷ ಶಿಖರಕ್ಕೆ ಇನ್ನು ಐವತ್ತು ಹೆಜ್ಜೆ ಇರುವಾಗ, ಹೊತ್ತು ಮೀರಿತೆಂದು, ಯಾವುದೋ ದೊಡ್ಡ ಕಂಪನಿಯ ಮುಖ್ಯಸ್ಥನನ್ನು ಮುಲಾಜಿಲ್ಲದೆ ಕೆಳಗಿಳಿಸಿದವಳು ಅವಳು. ಉಳಿದ ಗೈಡುಗಳೆಲ್ಲ ಇವರ ಕೈಯಲ್ಲೇ ಪಳಗಿದವರು, ಮೇಷ್ಟ್ರು ಎಂಬ ಹೆಸರು ಬಂದದ್ದೂ ಹಾಗೆಯೇ. ಗೌರವವಂತೆ, ಮೂರು ವರ್ಷದಿಂದ ಗಡಿಯಾರದ ಮುಳ್ಳನ್ನು ಕಂಡೂ ಕಾಣದಂತೆ ಪಾಸ್ ಎಂದು ಬರೆದುಕೊಟ್ಟು, ಮೇಷ್ಟ್ರ ಮೂಳೆ ಸವೆಸಿದ್ದರು. ಈ ಸಲ ಹಾಗಾಗುವುದಿಲ್ಲ ಎಂಬ ಧೈರ್ಯ ಅವರಿಗಿತ್ತು.

ನಿಜ ಹೇಳಬೇಕೆಂದರೆ ಅವರಿಗೆ ಸಾಕಾಗಿತ್ತು. ಒದ್ದೆ ಕಾಲುಚೀಲ ಸಾಕಾಗಿತ್ತು. ನಸುಕಿನಲ್ಲಿ ಡೇರೆಯಿಂದ ಡೇರೆಗೆ ಹೋಗಿ ಜನರನ್ನು ಎಬ್ಬಿಸುವುದು ಸಾಕಾಗಿತ್ತು. ಇನ್ನೆಷ್ಟು ದೂರ ಎಂದವರಿಗೆಲ್ಲ ಇನ್ನು ಸ್ವಲ್ಪವೇ ಎಂದು ಮೂವತ್ತೊಂದು ವರ್ಷ ಹೇಳಿಕೊಂಡು ಬಂದ ಸುಳ್ಳಂತೂ ಸಾಕುಸಾಕಾಗಿತ್ತು. ಇದೇ ಕೊನೇ ವರ್ಷ ತಾನೇ ಎಂದು ಕೇಳಿ ಕೇಳಿ ಹೆಂಡತಿ ಈಗ ಕೇಳುವುದನ್ನೂ ಬಿಟ್ಟು, ಬಿಸಿನೀರಿನ ಚೀಲ ತಂದು ಮಂಡಿಯ ಮೇಲಿಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು. ಆದರೂ ನನ್ನ ಕೈಲಾಗದು ಎಂದು ತಾವಾಗಿ ಹೇಳಲು ಮೇಷ್ಟ್ರಿಗೆ ಬಾಯಿ ಬರುತ್ತಿರಲಿಲ್ಲ. ಬೇಕೆಂದೇ ನಿಧಾನ ನಡೆದು ಸೋಲುವ ಜಾಯಮಾನವೂ ಅವರದಲ್ಲ. ಸಾಕು, ಇಲ್ಲಿಂದ ತಿರುಗೋಣ ಎಂದು ಎಷ್ಟೋ ಜನರಿಗೆ ಹೇಳಿದವರು, ಆ ಮಾತನ್ನು ತಮಗೆ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು. ಇವತ್ತು ಮಗಳು ಹೇಳುತ್ತಾಳೆ.

ಹಳ್ಳದ ಹತ್ತಿರ ಚೀಲ ಇಳಿಸಿದರು. ಮುಖ ತೊಳೆದುಕೊಂಡು ಬಾ, ಹೊತ್ತಿದೆ ಎಂದಳು ಮಗಳು. ಮೇಷ್ಟ್ರು ನೀರಿಗಿಳಿದು, ಊದಿದ ಮಂಡಿಯನ್ನು ತಣ್ಣಗೆ ನೆನೆಸಿಕೊಂಡು ಬಂದರು. ಚೀಲವನ್ನು ಅವಳೇ ಎತ್ತಿ ಬೆನ್ನಿಗೇರಿಸಿದಳು. ಅಲ್ಲಿಂದಾಚೆ ಅದೇನಾಯಿತೋ, ಕಾಲು ತಾನಾಗಿ ಮುಂದೆ ಬೀಳತೊಡಗಿತು. ತಣ್ಣೀರಿನ ಗುಣವಿರಬೇಕು ಅಂದುಕೊಂಡರು. ಹಾಳು ಮೈ, ಬೇಡವೆಂದಾಗಲೇ ಅದಕ್ಕೆ ಹುರುಪು. ಒಂದು ತಿರುವಿನಲ್ಲಿ, ಇನ್ನೂ ಐದು ವರ್ಷಕ್ಕೆ ಮೋಸವಿಲ್ಲ ಎಂದು ಹೆಮ್ಮೆಯೂ ಆಯಿತು. ಮರುಕ್ಷಣವೇ ಆ ಐದು ವರ್ಷಗಳನ್ನು ನೆನೆದು ಎದೆ ಕುಸಿಯಿತು.

ಕಲ್ಲುಮನೆ ಮುಟ್ಟಿದಾಗ ಮೂರು ಗಂಟೆಯ ಗಡುವಿಗೆ ಇನ್ನೂ ಆರು ನಿಮಿಷ ಬಾಕಿ. ಮಗಳು ಹಾಳೆಯಲ್ಲಿ ಪಾಸ್ ಎಂದು ಬರೆದು ಸಹಿ ಹಾಕಿ, ವಾಕಿಟಾಕಿಯಲ್ಲಿ ಕೆಳಗೆ ತಿಳಿಸಿದಳು. ಅತ್ತಲಿಂದ ಚಪ್ಪಾಳೆ, ಸಿಳ್ಳೆ ಕೇಳಿಬಂದವು. ಮೇಷ್ಟ್ರು ಚೀಲ ಎತ್ತಿಕೊಂಡು ಮನೆಯ ಹಿಂದಕ್ಕೆ ಹೋದರು. ಹೊತ್ತು ತಂದ ಮರಳನ್ನು ಅಲ್ಲಿ ಸುರಿಯುವುದು ವಾಡಿಕೆ, ಮಳೆಗೆ ಕಿತ್ತುಹೋದ ಮೆಟ್ಟಿಲುಗಳಿಗೆ ಬೇಕಾಗುತ್ತದೆ. ಪೊಟ್ಟಣ ಬಿಚ್ಚಿ ಒಂದೊಂದಾಗಿ ಸುರಿದರು. ಏಳು ಸುರಿದ ಮೇಲೆ ಕೈಯಾಡಿಸಿದರೆ ತಳದಲ್ಲಿ ಅವರ ಸ್ವೆಟರ್ ಮಾತ್ರ ಇತ್ತು.

ಹೇಗಾಯಿತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಸುಸ್ತಾದ ಗಿರಾಕಿ ನೀರಿಗೆ ಹೋದಾಗ ಅವನ ಚೀಲದಿಂದ ಒಂದೆರಡು ಭಾರದ ಸಾಮಾನು ತೆಗೆದು ತಮ್ಮದಕ್ಕೆ ಹಾಕಿಕೊಳ್ಳುವುದು, ಮೇಲೆ ಹತ್ತಿದ ಮೇಲೆ ಭೇಷ್ ಎಂದು ಬೆನ್ನು ತಟ್ಟುವುದು ಗೈಡುಗಳ ಹಳೇ ಉಪಾಯ. ಮಗಳಿಗೆ ಅದನ್ನು ಕಲಿಸಿದವರು ಇವರೇ. ಮುಂದಕ್ಕೆ ಬಂದಾಗ ಅವಳು ತಲೆ ತಗ್ಗಿಸಿಕೊಂಡು ತನ್ನ ಚೀಲದಿಂದ ಮೂರು ಪೊಟ್ಟಣ ತೆಗೆದು ನೆಲಕ್ಕಿಡುತ್ತಿದ್ದಳು.

“ನಿನ್ನ ಮುಖ ನೋಡೋಕಾಗ್ಲಿಲ್ಲ ಅಪ್ಪ,” ಎಂದಳು. “ಯಾರ್ಯಾರಿಗೋ ಮಾಡ್ತೀವಿ. ನಿನಗೆ ಮಾಡಿದ್ರೆ ತಪ್ಪಾ?”

ಅಷ್ಟರಲ್ಲಿ ವಾಕಿಟಾಕಿ ಗರಗುಟ್ಟಿತು. ಯಜಮಾನ. ನಾಳಿದ್ದು ಹನ್ನೆರಡು ಜನರ ತಂಡವಿದೆ, ಒಂಬತ್ತು ದಿನದ ದಾರಿ, ಮೇಷ್ಟ್ರ ಹೆಸರು ಬರೆದುಕೊಳ್ಳಲೇ ಎಂದು ಕೇಳಿದ. ಮಗಳು ಅಪ್ಪನ ಮುಖ ನೋಡಿದಳು. ಮೇಷ್ಟ್ರು ಆಗಲೇ ಯೋಚಿಸಿ ಮುಗಿಸಿದ್ದರು. ಈಗ ನಿಜ ಹೇಳಿದರೆ ತಮ್ಮ ಬಿಲ್ಲೆಯ ಜೊತೆಗೆ, ಸುಳ್ಳು ಬರೆದಳೆಂದು ಅವಳದೂ ಹೋಗುತ್ತದೆ. ಅವಳ ಕೈಯಿಂದ ಸೆಟ್ ತೆಗೆದುಕೊಂಡು, ಆಗಲಿ ಸಾರ್, ಬರೆದುಕೊಳ್ಳಿ ಎಂದರು. ಆಮೇಲೆ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಿಂದ ಬಲಗಾಲನ್ನು ಎತ್ತಿ ಮುಂದಕ್ಕೆ ಚಾಚಿದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ.

“ಗಿರಾಕಿ ಒಂದು ಸಲ ಹತ್ತಿ ಮನೆಗೆ ಹೋಗ್ತಾನೆ ಕಣಮ್ಮ,” ಎಂದರು. “ನಾನು ನಾಳಿದ್ದು ಮತ್ತೆ ಹತ್ತಬೇಕು.”