ಹಲ್ಲು ಯಾವ ಮಗ್ಗುಲಿಗೆ

"ತಿಪಟೂರಿಗೆ ಹುಲ್ಲು ಹೊಡಿಯೋ ಮಿಷನ್ನು ಬಂದೈತಂತೆ ಕಣಕ್ಕ. ಪೆಟ್ರೋಲ್ ಕುಡ್ಕಂಡು ತುದೀಲಿ ಒಂದು ದಾರ ಗಿರ್ರಂತ ತಿರುಗ್ತದಂತೆ. ನಿನ್ ಮಗಂಗೆ ಹೇಳಿ ಅದನ್ನೇ ತರುಸ್ಬಾರ್ದಾ?" ಎಂದ ದಂಡಿನಶಿವರದ ಕುಲುಮೆಯ ವೀರಭದ್ರಾಚಾರಿ, ತಿದಿ ಒತ್ತುತ್ತಲೇ.

"ಅವನು ನೋಡ್ಕಂಡೂ ಬಂದವ್ನೆ. ದಾರ ಹೊಡೆದ ಹುಲ್ಲು ಪುಡಿಪುಡಿಯಾಗಿ ಹಾರೋಯ್ತದಂತೆ. ತೋಟವೇನೋ ಚೊಕ್ಕಟವಾಯ್ತದೆ, ಎಮ್ಮೆ ಮುಂದೆ ಏನಾಕ್ಲಿ, ಆ ದಾರವಾ?" ಎಂದಳು ಹೊಂಬಾಳಮ್ಮ. "ಸುಮ್ನೆ ಕುಡ್ಲು ತೋರ್ಸು. ಹಲ್ಲಿರೋದು."

ಅವಳ ಹಿಂದೆ ನಿಂತಿದ್ದ ಸೊಸೆ ನಿಂಗಮ್ಮನಿಗೆ ಕುಲುಮೆಯ ಕಾವಿಗಿಂತ ಹೆಚ್ಚು ಬೆವರು. ಮಳೆ ಬಿದ್ದ ಮೇಲೆ ತೆಂಗಿನ ತೋಟದಲ್ಲಿ ಹುಲ್ಲು ಮೊಣಕಾಲುದ್ದ ಎದ್ದಿತ್ತು. ಉದುರಿದ ಕಾಯಿ ಕಾಣುತ್ತಿರಲಿಲ್ಲ, ಪಾತಿಗೆ ನೀರು ಹೋಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ತೋಟ ಹಸನು ಮಾಡುವ ಕೆಲಸ ಈ ಸಲ ಅವಳ ಪಾಲಿಗೆ ಬಂದಿತ್ತು. ಅವಳೋ ಎಡಚಿ. "ಗಂಡನ ಮನೇಲಿ ಎಡಗೈ ಮುಂದೆ ಮಾಡ್ಬೇಡ ಕಣೇ, ಹೆತ್ತೋರ್ನ ಆಡ್ಕಂತಾರೆ" ಎಂದು ತವರಿನಲ್ಲಿ ಅಳುತ್ತಾ ಹೇಳಿ ಕಳಿಸಿದ್ದರು. ಮಂದಿ ಇದ್ದಾಗ ಬಲಗೈಲಿ ಕೊಯ್ದು ಬೆರಳು ಹೆಚ್ಚಿಕೊಳ್ಳುತ್ತಿದ್ದಳು. ಯಾರೂ ಇಲ್ಲದಾಗ ಎಡಗೈಗೆ ಬದಲಿಸಿದರೂ ಸುಖವಿರಲಿಲ್ಲ. ಕುಡುಗೋಲಿನ ಹಲ್ಲು ಇರುವುದು ಒಂದೇ ಮಗ್ಗುಲಿಗೆ. ಬಲಗೈಗೆ ಹುಲ್ಲಿನ ಬುಡ ಕಚ್ಚುವ ಹಲ್ಲು ಎಡಗೈಗೆ ಬಂದರೆ ಜಾರಿ ಮೇಲಕ್ಕೆ ಬರುತ್ತದೆ.

ಆಚಾರಿ ನಾಲ್ಕಾರು ಕುಡುಗೋಲು ತಂದು ಹರಡಿದ. "ಹಿಡಿದು ನೋಡವ್ವ, ಯಾವುದು ಕೈಗೆ ಕೂರ್ತದೆ?" ನಿಂಗಮ್ಮನ ಎಡಗೈ ತಾನಾಗಿಯೇ ಮುಂದೆ ಹೋಯಿತು. ತಟ್ಟನೆ ಸೆರಗಿನೊಳಗೆ ಎಳೆದುಕೊಂಡು ಬಲಗೈ ಚಾಚಿದಳು.

ಅಷ್ಟರಲ್ಲಿ ಹೊಂಬಾಳಮ್ಮ ಅವನ್ನೆಲ್ಲ ಸರಿಸಿ, ಮೂಲೆಯಲ್ಲಿ ಬಿದ್ದಿದ್ದ ಹಲ್ಲು ಹಾಕದ ಅಲಗೊಂದನ್ನು ಎತ್ತಿಕೊಂಡಿದ್ದಳು. "ಇದು ಹಗುರಾಗೈತೆ. ಇದಕ್ಕೆ ಈ ಮಗ್ಗುಲಿಗೆ ಹಲ್ಲು ಹೊಡಿ."

"ಆ ಮಗ್ಗುಲಿಗೆ ಹೊಡುದ್ರೆ ಎಡಗೈನೋರಿಗೆ ಆಯ್ತದೆ ಕಣಕ್ಕ. ಯಾರಿಗೆ?"

ನಿಂಗಮ್ಮ ನೆಲ ನೋಡಿದಳು. ಕುಲುಮೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಊರೂರು ಸುತ್ತುತ್ತದೆಂದು ಅವಳಿಗೆ ಗೊತ್ತು.

"ನಂಗೇ. ಬಲಗಡೆ ರಟ್ಟೆ ಹಿಡ್ಕಂಡೈತೆ" ಎಂದಳು ಹೊಂಬಾಳಮ್ಮ.

ಆಚಾರಿ ನಕ್ಕ. "ಈ ವಯಸ್ನಲ್ಲಿ ಎಡಗೈ ಕಲೀತೀಯಾ? ಹೊಂಬಾಳಕ್ಕ ಎಡಚಿಯಾದ್ಲು ಅಂತ ಆಡ್ಕಂತಾರೆ."

"ಆಡ್ಕಳ್ಳಿ ಬುಡು. ನಂಗೇನು ಇನ್ನು ಗಂಡು ನೋಡ್ಬೇಕಾ?"

ಆಚಾರಿ ನಗುತ್ತಲೇ ಉಳಿ ಹಿಡಿದು ಹಲ್ಲು ಹೊಡೆದ. ಅಲಗನ್ನು ಕೆಂಡಕ್ಕಿಟ್ಟು, ನೀರಿಗದ್ದಿ, ಹಿಡಿ ಕೂರಿಸಿ ಕೊಟ್ಟ. ಅತ್ತೆ ಸೊಸೆ ತೋಟದ ಬದು ತಲುಪಿದರು.

"ಅತ್ತೆ, ರಟ್ಟೆ ಯಾವಾಗಿಂದ ನೋಯ್ತಿತ್ತು?"

"ಎಲ್ಲಿ ನೋವು? ಬೆಳಗ್ಗೆ ಬಾವೀಲಿ ನೀರು ಸೇದ್ದೋಳು ಯಾರು?" ಹೊಂಬಾಳಮ್ಮ ಬದುವಿನ ಮೇಲೆ ಕೂತಳು. "ನೀನು ಕುಯ್ದ ಜಾಗ ನೋಡಿದೀನಿ ಕಣೇ. ನಾನು ಕುಯ್ದ ಕೂಳೆ ಒಂದು ಕಡೀಕೆ ವಾಲಿರ್ತದೆ, ನಿಂದು ಇನ್ನೊಂದು ಕಡೀಕೆ. ನೀನು ಬಂದ ಹೊಸದ್ರಲ್ಲೇ ಗೊತ್ತಾಯ್ತು."

"ಮತ್ತೆ ಒಂದ್ಸಲಾನೂ ಕೇಳ್ಳಿಲ್ಲ?"

"ಕೇಳಿದ್ರೆ ಅಳ್ತಾ ಕೂರ್ತಿದ್ದೆ. ಹುಲ್ಲು ಹಂಗೇ ಉಳೀತಿತ್ತು. ಹುಲ್ಲಿಗೇನು ಗೊತ್ತು, ಯಾವ ಕೈ ಅಂತ. ಹೂಂ, ಕುಯ್ದು ನೋಡು."

ನಿಂಗಮ್ಮ ಕಣ್ಣೊರೆಸಿಕೊಂಡು ಕೂತಳು. ಎಡಗೈಲಿ ಎಳೆದಳು. ಕರಕ್ ಎಂದು ಒಂದು ಹಿಡಿ ಹುಲ್ಲು ಬುಡಕ್ಕೇ ಬಂತು. ಹುಟ್ಟಿದಾಗಿನಿಂದ ಇಂಥದೊಂದು ಸದ್ದು ಅವಳ ಕೈಯಿಂದ ಹೊರಟಿರಲಿಲ್ಲ. ಇನ್ನೊಂದು ಹಿಡಿ ಕೊಯ್ದಳು. ಮತ್ತೊಂದಕ್ಕೆ ಕೈ ಹಾಕುವಷ್ಟರಲ್ಲಿ ದಾರಿಯ ತಿರುವಿನಲ್ಲಿ ಸೈಕಲ್ ಗಂಟೆ ಕೇಳಿಸಿತು.

ಹೊಂಬಾಳಮ್ಮ ಸರಕ್ಕನೆ ಎದ್ದು ಕುಡುಗೋಲು ಕಿತ್ತುಕೊಂಡಳು. ಸೊಸೆಯನ್ನು ಪಕ್ಕಕ್ಕೆ ಸರಿಸಿ, ತಾನೇ ಕುಕ್ಕರಗಾಲಲ್ಲಿ ಕೂತು ಎಡಗೈಲಿ ಕೊಯ್ಯತೊಡಗಿದಳು.

ಪಕ್ಕದ ತೋಟದ ಗಿಡ್ಡಯ್ಯ ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೂರಿದ. "ಇದೇನಕ್ಕ ಅವತಾರ? ನಿಮ್ಮನೇಲಿ ಬಲಗೈಗೆ ಬರ ಬಂತಾ?"

"ರಟ್ಟೆ ನೋವು ಕಣಪ್ಪ. ಹೊಸದಾಗಿ ಕಲೀತಿದೀನಿ."

"ಕಲಿ, ಕಲಿ. ನೋಡೇ ಹೋಗ್ತೀನಿ" ಎಂದು ಗಿಡ್ಡಯ್ಯ ಅಲ್ಲೇ ನಿಂತ.

ಕುಡುಗೋಲು ಹುಲ್ಲನ್ನು ಬಿಟ್ಟು ಮಣ್ಣು ಕೆರೆಯಿತು. ಎರಡನೆಯ ಸಲ ಹೊಂಬಾಳಮ್ಮನ ಹೆಬ್ಬೆರಳಿನ ಪಕ್ಕದಲ್ಲೇ ಸರಿದುಹೋಯಿತು. ಗಿಡ್ಡಯ್ಯ ಕಿಸಕ್ಕೆಂದ. ಮುದುಕಿ ಹಲ್ಲು ಕಚ್ಚಿ ಮತ್ತೆ ಎತ್ತಿದಳು.

ಆ ಮಣಿಕಟ್ಟನ್ನು ನಿಂಗಮ್ಮ ಹಿಡಿದುಕೊಂಡಳು.

"ಕೊಡಿ ಅತ್ತೆ ಇಲ್ಲಿ."

"ಸುಮ್ಕಿರು, ಅವನಿನ್ನೂ ನಿಂತವ್ನೆ" ಎಂದಳು ಹೊಂಬಾಳಮ್ಮ ತುಟಿ ಅಲುಗದಂತೆ.

"ನಿಂತಿರ್ಲಿ ಬುಡಿ."

ಗಿಡ್ಡಯ್ಯನ ಎದುರಿಗೇ ಅವಳು ಎಡಗೈಲಿ ಕುಡುಗೋಲು ತೆಗೆದುಕೊಂಡು, ಸೀರೆ ಮೇಲಕ್ಕೆ ಸಿಕ್ಕಿಸಿ ಕೂತಳು. ಬದುವಿನ ಉದ್ದಕ್ಕೂ ಕರಕ್ ಕರಕ್ ಎನ್ನುತ್ತಾ ಹುಲ್ಲು ಮಲಗುತ್ತಾ ಹೋಯಿತು. ಹೊಂಬಾಳಮ್ಮ ಸೊಂಟಕ್ಕೆ ಸುತ್ತಿಕೊಂಡಿದ್ದ ಹಗ್ಗ ಬಿಚ್ಚಿ ನೆಲದ ಮೇಲೆ ಹಾಸಿ, ಹೊರೆ ಕಟ್ಟಲು ಕಾದು ನಿಂತಳು.