ಮೊಟ್ಟೆ ಸೀಲು

“ನೋಡು ತಮ್ಮಾ, ಇದು ಸೀಲಾ, ಮೊಟ್ಟೆನಾ?” ಎಂದು ರಬ್ಬರ್ ಸ್ಟ್ಯಾಂಪ್ ಅಂಗಡಿಯವನು ಕಾಗದದ ಮೇಲೆ ಟಪ್ಪೆಂದು ಒತ್ತಿ ತೋರಿಸಿದ. ಗುಂಡಗಿರಬೇಕಾದ ಸೀಲು ನಿಲ್ಲಿಸಿದ ಮೊಟ್ಟೆಯಂತೆ ಉದ್ದುದ್ದ ಮೂಡಿತ್ತು. “ಪರದೆ ಮೇಲೆ ಚಂದ್ರನ ಹಾಗೆ ಗುಂಡಗಿರತ್ತೆ. ಅಚ್ಚಾಗಿ ಬಂದ್ರೆ ಹಿಂಗೆ. ಗಿರಾಕಿಗಳು ಮುಖಕ್ಕೆ ಎಸೆದು ಹೋಗ್ತಿದ್ದಾರೆ. ಪ್ರಿಂಟರ್ ಬದಲಾಯಿಸಿದೆ, ರಬ್ಬರ್ ಬದಲಾಯಿಸಿದೆ, ಇನ್ನು ನಾನೇ ಬದಲಾಗ್ಬೇಕು ಅಷ್ಟೆ.”

ರಿಪೇರಿಯವನಿಗೆ ನಗುವ ತ್ರಾಣವೂ ಇರಲಿಲ್ಲ. ಬೆಳಗಿನಿಂದ ಕಂಡವರ ಮೇಜಿನಡಿ ನುಸುಳಿ ನುಸುಳಿ ಸೊಂಟ ಬಿದ್ದುಹೋಗಿತ್ತು. ಇದೊಂದು ಮುಗಿದರೆ ಮನೆ. ಪರದೆಯತ್ತ ಕಣ್ಣು ಹಾಯಿಸಿದ್ದೇ ರೋಗ ಗೊತ್ತಾಯಿತು. ಅಕ್ಷರಗಳೆಲ್ಲ ಅಡ್ಡಡ್ಡ ಊದಿಕೊಂಡಿದ್ದವು.

“ಇದಕ್ಕೆ ಹೊಸದಾಗಿ ವಿಂಡೋಸ್ ಹಾಕಿದ್ಯಾರಣ್ಣಾ?”

“ಪಕ್ಕದ ಅಂಗಡಿಯವನು. ನನ್ನ ಹೆಂಡತಿ ತವರಿಗೆ ಹೋದಳಲ್ಲ, ಆ ವಾರ. ಯಾಕೆ?”

“ವಿಂಡೋಸ್ ಹಾಕಿದ್ರು, ಗ್ರಾಫಿಕ್ಸ್ ಡ್ರೈವರ್ ಹಾಕೋದು ಮರೆತ್ರು. ಅದಿಲ್ಲದೆ ಇದಕ್ಕೆ ಪರದೆ ಎಷ್ಟು ಅಗಲ ಅಂತಾನೇ ಗೊತ್ತಾಗಲ್ಲ. ಸಣ್ಣ ಚಿತ್ರಾನ ಅಡ್ಡಕ್ಕೆ ಎಳೆದು ಎಳೆದು ತುಂಬಿಸತ್ತೆ. ಗುಂಡಗಿದ್ದದ್ದು ಅಗಲವಾಗಿ ಕಾಣತ್ತೆ, ನೀವು ಅದನ್ನ ಒತ್ತಿ ಒತ್ತಿ ಗುಂಡಗೆ ಮಾಡ್ತೀರಿ. ಅಚ್ಚಿಗೆ ಬಂದಾಗ ಮೊಟ್ಟೆ.”

“ಅಂದ್ರೆ ಇಷ್ಟು ತಿಂಗಳು ನಾನೇ ಇಲ್ಲಿ ಕೂತು ಮೊಟ್ಟೆ ಇಡ್ತಿದ್ದೆ ಅನ್ನು!” ಎಂದು ಅಂಗಡಿಯವನು ಹಣೆ ಚಚ್ಚಿಕೊಂಡ.

ಮೊದಲು ಹಾಕಿದ ಡ್ರೈವರ್ ಹೊಂದಲಿಲ್ಲ. ಪರದೆ ಮಿಣುಕಿ ಕಪ್ಪಾಗಿ, ಮತ್ತೆ ಅದೇ ಊದಿದ ಅಕ್ಷರಗಳಿಗೆ ಮರಳಿತು. ರಿಪೇರಿಯವನು ನಿಟ್ಟುಸಿರು ಬಿಟ್ಟು ಸಿಪಿಯು ಬಿಚ್ಚಿದ. ಒಳಗಿನ ಕಾರ್ಡಿನ ಮೇಲಿದ್ದ ಇರುವೆ ಸಾಲಿನಂಥ ನಂಬರನ್ನು ಟಾರ್ಚ್ ಹಿಡಿದು ಓದಿ, ಅದಕ್ಕೆ ಸರಿಯಾದ ಡ್ರೈವರನ್ನು ಇಳಿಸಿಕೊಳ್ಳಲು ಹಚ್ಚಿ ಕುರ್ಚಿಗೆ ಒರಗಿದ. ನೆಟ್ ತೆವಳುತ್ತಿತ್ತು.

ಅಂಗಡಿಯವನ ಬಾಯಿಗೆ ಮಾತ್ರ ಆಯಾಸವೆಂಬುದಿರಲಿಲ್ಲ. “ಸಂಜೆಯೊಳಗೆ ಆಗತ್ತಾ? ನನ್ನವಳು ದಿನಾ ಇದರಲ್ಲೇ ವಿಡಿಯೋ ಕಾಲ್ ಮಾಡೋದು, ನನ್ನದು ಬಟನ್ ಫೋನು. ನಮ್ಮತ್ತೆ ಹಾಸಿಗೆ ಹಿಡಿದಿದ್ದಾರೆ. ಎತ್ತೋದು, ಇಳಿಸೋದು, ರಾತ್ರಿ ಕಾಯೋದು ಎಲ್ಲಾ ಇವಳೊಬ್ಬಳೇ. ‘ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬಾ, ಇಬ್ಬರೂ ಸೇರಿ ನೋಡ್ಕೊಳ್ಳೋಣ’ ಅಂದೆ. ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಅಂತಾಳೆ. ನೋಡಿದ್ರೆ ನಿಜಾನೇ! ದಿನಾ ಡುಮ್ಮಿ ಡುಮ್ಮಿ ಅಂತ ರೇಗಿಸ್ತೀನಿ. ತವರಿನ ಅನ್ನ ಮೈಗೆ ಹತ್ತಿದೆ ಅಂತ ನಾನೂ ಸುಮ್ಮನಾಗಿಬಿಟ್ಟೆ.”

ರಿಪೇರಿಯವನು ಹೂಂಗುಟ್ಟಿದ. ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. ಅವನ ಧ್ಯಾನವೆಲ್ಲ ಮನೆಯ ಚಾಪೆಯ ಮೇಲಿತ್ತು.

ಕೊನೆಗೂ ಪರದೆ ಒಮ್ಮೆ ಆರಿ ಹತ್ತಿತು. ಅಕ್ಷರಗಳು ಮೈ ಇಳಿಸಿಕೊಂಡು ನೆಟ್ಟಗೆ ನಿಂತವು. ಅಂಗಡಿಯವನು ಅವಸರದಲ್ಲಿ ಒಂದು ಸೀಲು ಬರೆದು ಕಾಗದಕ್ಕೆ ಇಳಿಸಿದ. ಲೋಟ ಬೋರಲು ಹಾಕಿ ಗೀಚಿದಷ್ಟು ಗುಂಡಗಿತ್ತು. “ಬದುಕಿದೆ ತಮ್ಮಾ!” ಎಂದು ರಿಪೇರಿಯವನ ಬೆನ್ನಿಗೆ ಬಾರಿಸಿದ.

ಅಷ್ಟರಲ್ಲಿ ಕಂಪ್ಯೂಟರ್ ಕೂಗಿತು. “ಬಂದಳು ನೋಡು ಡುಮ್ಮಿ,” ಎಂದು ಅಂಗಡಿಯವನು ತಲೆಗೂದಲು ನೇವರಿಸಿಕೊಂಡು ಕಾಲ್ ಎತ್ತಿದ.

ಸಾಮಾನು ಚೀಲಕ್ಕೆ ತುಂಬುತ್ತಿದ್ದ ರಿಪೇರಿಯವನು ತಲೆಯೆತ್ತಿದ. ಪರದೆಯ ಮೇಲಿದ್ದ ಹೆಂಗಸಿನ ಕೆನ್ನೆಗಳು ಒಳಕ್ಕೆ ಹೋಗಿದ್ದವು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ಅಂಗಡಿಯವನು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಇತ್ತ ತಿರುಗಿ, “ತಮ್ಮಾ, ಸರಿಯಾಗಿ ಹಾಕಿದ್ದೀಯಾ? ಇನ್ನೊಂದ್ಸಲ ನೋಡು,” ಎಂದು ಪಿಸುಗುಟ್ಟಿದ.

ತನ್ನ ಕೆಲಸದಲ್ಲಿ ತಪ್ಪಿರಲಿ ಎಂದು ರಿಪೇರಿಯವನು ಆಸೆಪಟ್ಟದ್ದು ಅದೇ ಮೊದಲು. ಆದರೆ ಮೇಜಿನ ಮೇಲಿನ ಕಾಗದದಲ್ಲಿ ಸೀಲು ಗುಂಡಗೇ ಇತ್ತು.

“ಸರಿಯಾಗೇ ಇದೆ ಅಣ್ಣಾ.”

“ಯಾಕ್ರೀ, ಹಾಗೆ ನೋಡ್ತಾ ಕೂತ್ರಿ?” ಪರದೆಯೊಳಗಿನಿಂದ ಅವಳು ನಕ್ಕಳು. “ಇವತ್ತು ಡುಮ್ಮಿ ಅನ್ನಲ್ವಾ?”