ತಡವಾಗಿ ತಲುಪಿದ ‘ಊಂ’

“ನನ್ನ ಮಾತು ಕೇಳಿಸ್ತೈತಾ?” ಎಂದು ಸಿಂಗಾಪುರದಿಂದ ಅವನು ಕೇಳಿದ. ಚೌಡೇಶ್ವರಿ “ಊಂ” ಎಂದಳು. ಆ ಸದ್ದು ಸೇಲಂನ ಜವಳಿ ಆಫೀಸಿನ ಹಳೆಯ ಫೋನ್ ಬೋರ್ಡಿನಿಂದ ಕಂಪ್ಯೂಟರಿಗೆ ಹೋಗಿ, ಇಂಟರ್‌ನೆಟ್ಟಿನಲ್ಲಿ ಕಡಲು ದಾಟುವಷ್ಟರಲ್ಲಿ ಅವನು ಮುಂದಿನ ಪ್ರಶ್ನೆಯನ್ನೂ ಕೇಳಿಬಿಟ್ಟಿದ್ದ: “ನನ್ನ ಮದ್ವೆಯಾಗಾಕೆ ನಿಂಗೆ ಇಷ್ಟನಾ?” ಅವಳು ಬಾಯಿ ತೆರೆಯುವ ಮೊದಲೇ ಅವನ ನಗು ಕೇಳಿಸಿತು. “ರೊಂಬ ಸಂತೋಷ! ಊಂ ಅಂದ್ಬಿಟ್ಳು!”

ಅವಳು ಆ ಆಫೀಸಿನ ಆಪರೇಟರ್. ವರ, ಮಾಲೀಕರ ತಂಗಿಯ ಮಗ. ಬರೀ ಫೋಟೊ ನೋಡಿ ಒಪ್ಪಲಾರೆ, ಒಂದು ಸಲ ಮಾತಾಡಿ ಹೇಳುತ್ತೇನೆ ಎಂದು ಅವಳು ಹಟ ಹಿಡಿದಿದ್ದಕ್ಕೆ ಮಾಲೀಕರು ಹೊಸದಾಗಿ ಹಾಕಿಸಿದ್ದ ಈ ಇಂಟರ್‌ನೆಟ್ ಲೈನ್ ಕೊಡಿಸಿದ್ದರು. ತಮ್ಮ ಕೋಣೆಯ ಫೋನಿನಲ್ಲಿ ಅವರೂ ಅವಳ ಅಪ್ಪನೂ ಕಿವಿಗೊಟ್ಟು ಕೂತಿದ್ದರು.

“ಅಲೋ, ಅದಲ್ಲ, ಅಲೋ...” ಎಂದಳು. ಅವಳ ದನಿಯೇ ತಡವಾಗಿ ಅವಳ ಕಿವಿಗೆ ಮರಳಿ ಬಂತು. ಆಮೇಲೆ ಲೈನ್ ಸತ್ತಿತು. ಆಚೆ ಮಾಲೀಕರು ಎಲ್ಲರಿಗೂ ಕಾಫಿ ತರಲು ಕೂಗಿ ಹೇಳುತ್ತಿದ್ದರು.

ತನ್ನ ಮದುವೆಯಾದಾಗಿನಿಂದ ಆ ಮಾಲೀಕರನ್ನು ‘ಮೊದಲಾಳಿ’ ಎನ್ನುತ್ತ ಅವರ ಮಗ್ಗದಲ್ಲೇ ನೇಯ್ದುಕೊಂಡು ಬಂದಿದ್ದ ಅಪ್ಪ ಒದ್ದೆ ಕಣ್ಣು ಒರೆಸಿಕೊಳ್ಳುತ್ತ ಅವಳ ಸಣ್ಣ ಕೋಣೆಗೆ ಬಂದ.

“ಅಪ್ಪಾ, ಕೇಳಿಸ್ತೈತಾ ಅಂದಿದ್ದಕ್ಕೆ ನಾನು ಊಂ ಅಂದೆ. ಮದ್ವೆಗಲ್ಲ. ಇನ್ನೊಂದ್ಸಲ ಲೈನ್ ಆಕ್ತೀನಿ ಇರು,” ಎಂದು ಅವಳು ಬೋರ್ಡಿನ ಗುಂಡಿಯ ಮೇಲೆ ಬೆರಳಿಟ್ಟಳು.

ಅಪ್ಪ ಅವಳ ಕೈ ಹಿಡಿದು ಮೆಲ್ಲಗೆ ಗುಂಡಿಯಿಂದ ಎತ್ತಿದ.

“ನಂಗೆ ಆವಾಗ್ಲೇ ಗೊತ್ತಾಯ್ತು ಕಣಮ್ಮಾ,” ಎಂದ. “ಈ ಮಾತ್ನ ಮೊದಲಾಳಿ ಮುಂದೆ ಏಳ್ಬ್ಯಾಡ.”

ಆಮೇಲೆ ಹಿಂದಕ್ಕೆ ಕೈಚಾಚಿ ಬಾಗಿಲು ಮುಚ್ಚಿದ.